ಓದುಗರ ಪ್ರಶ್ನೆಗಳಿಗೆ ಉತ್ತರ: ‘ಬರೀ ಸೋಪು’ ಎನ್ನಿಸಿಕೊಳ್ಳುವ ಅಮೀನು ದ್ರವ

ಶಿವಮೊಗ್ಗ ಜಿಲ್ಲೆ ಮತ್ತು ಸುತ್ತಲಿನ ಮಲೆನಾಡಿನಿಂದ ಬಂದ ಪತ್ರಗಳಲ್ಲಿ ಈ ಬಾರಿ ಒಂದೇ ವಸ್ತುವಿನ, ಕೊಬ್ಬಿನಿಂದ ತಯಾರಿಸುವ ಅಮೀನು ಎಂಬ ರಾಸಾಯನಿಕದ ವಿಚಾರ ಬೇರೆ ಬೇರೆ ಮುಖದಲ್ಲಿ ಕಾಣಿಸಿಕೊಂಡಿದೆ. ಕಾರ್ಖಾನೆಯವರಿಗೆ ಅದು ಡ್ರಮ್ಮಿನಲ್ಲಿ ಬರುವ ಕಚ್ಚಾ ಮಾಲು, ತೋಟದವರಿಗೆ ಕಳೆ ಔಷಧಿಯೊಳಗೆ ಅಡಗಿ ಬರುವ ಪದಾರ್ಥ, ಮನೆಯವರಿಗೆ ಗುಜರಿ ಅಂಗಡಿಯ ನೀಲಿ ಡ್ರಮ್ಮಿನ ತಳದಲ್ಲಿ ಉಳಿದ ಅಂಟು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ (ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಮಿಕರೊಬ್ಬರು): ಮಾನ್ಯರೇ, ದ್ರವಗಳನ್ನು ಬೆರೆಸಿ ಕ್ಯಾನುಗಳಿಗೆ ತುಂಬುವ ಸಣ್ಣ ಘಟಕವೊಂದರಲ್ಲಿ ನಾನು ಹೆಲ್ಪರ್. 200 ಲೀಟರಿನ ಡ್ರಮ್ಮಿನಿಂದ ಜೋನಿ ಬೆಲ್ಲದ ಬಣ್ಣದ, ಸ್ವಲ್ಪ ಮೀನಿನ ವಾಸನೆಯ ಮಂದ ದ್ರವವನ್ನು ಬಕೆಟಿಗೆ ಬಗ್ಗಿಸಿ ಟ್ಯಾಂಕಿಗೆ ಸುರಿಯುವುದು ನನ್ನ ಕೆಲಸ. ಡ್ರಮ್ಮಿನ ಮೇಲೆ ‘ಟ್ಯಾಲೋ ಅಮೀನ್ ಎಥಾಕ್ಸಿಲೇಟ್’ ಎಂದಿದೆ. ಮೇಸ್ತ್ರಿಯವರು ‘ಇದು ಬರೀ ಸೋಪು, ಹೆದರಬೇಡಿ’ ಎನ್ನುತ್ತಾರೆ. ಈಚೆಗೆ ಜೊತೆಯವನ ಕಣ್ಣಿಗೆ ಒಂದು ಹನಿ ಸಿಡಿಯಿತು. ಅಷ್ಟೇನೂ ಉರಿಯಲಿಲ್ಲವೆಂದು ಅವನು ಮುಖ ತೊಳೆದುಕೊಂಡು ಕೆಲಸ ಮುಂದುವರಿಸಿದ. ಮರುದಿನ ಬೆಳಿಗ್ಗೆ ಕಣ್ಣು ಊದಿ ತೆರೆಯಲಾಗಲಿಲ್ಲ. ಇದು ನಿಜವಾಗಿ ಏನು? ನಾವು ಹೇಗೆ ಜಾಗ್ರತೆ ವಹಿಸಬೇಕು?

ಉತ್ತರ: ಮೊದಲು ಜೊತೆಯವರನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಡ್ರಮ್ಮಿನ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೋ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೋ ಹೋಗಿ ತೋರಿಸಿ. ಈಗ ಉರಿ ಕಡಿಮೆಯಾಗಿದ್ದರೂ ತೋರಿಸಲೇಬೇಕು.

ಟ್ಯಾಲೋ ಎಂದರೆ ದನ, ಕುರಿಗಳ ಕೊಬ್ಬು. ಆ ಕೊಬ್ಬಿನ ಆಮ್ಲಗಳಿಂದ ಕೊಬ್ಬಿನ ಅಮೀನನ್ನು (ಅಮೋನಿಯಾದ ಬಂಧುವಾದ, ಸಾರಜನಕವಿರುವ ರಾಸಾಯನಿಕ) ತಯಾರಿಸಿ, ಅದಕ್ಕೆ ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಸೇರಿಸುತ್ತಾ ಹೋದರೆ ನೀವು ಬಗ್ಗಿಸುವ ಈ ದ್ರವ ಸಿಗುತ್ತದೆ. ಇದರ ಅಣುವಿನ ಒಂದು ತುದಿ ಎಣ್ಣೆಯ ಕಡೆಗೂ ಇನ್ನೊಂದು ತುದಿ ನೀರಿನ ಕಡೆಗೂ ವಾಲುವುದರಿಂದ ಎಣ್ಣೆ, ನೀರು ಬೆರೆಯುತ್ತವೆ, ಮೇಣದಂಥ ಎಲೆಯ ಮೇಲೆ ಹನಿ ಉರುಳಿಹೋಗದೆ ಹರಡಿಕೊಳ್ಳುತ್ತದೆ, ನೊರೆ ಏಳುತ್ತದೆ. ಕಳೆನಾಶಕಗಳಲ್ಲಿ, ಜವಳಿ ಕಾರ್ಖಾನೆಗಳಲ್ಲಿ, ಲೋಹದ ತುಕ್ಕು ತಡೆಯುವ ದ್ರವಗಳಲ್ಲಿ ಇದರ ಬಳಕೆಯಿದೆ. ಇದೇ ಕುಟುಂಬದ ಬೇರೆ ಅಮೀನುಗಳು ರಸ್ತೆಗೆ ಹಾಕುವ ಡಾಂಬರಿನ ಎಮಲ್ಷನ್ನಿನಲ್ಲೂ, ಗೊಬ್ಬರ ಗಂಟು ಕಟ್ಟದಂತೆ ಅದರ ಹರಳಿಗೆ ಬಳಿಯುವ ಲೇಪನದಲ್ಲೂ ಇರುತ್ತವೆ. ನೊರೆ ಬರುತ್ತದೆ ಎಂಬ ಮಟ್ಟಿಗೆ ಮೇಸ್ತ್ರಿಯವರ ಮಾತು ಸರಿ. ಆದರೆ ಸ್ನಾನದ ಸೋಪಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಸೋಪಿನ ಅಣುವಿನ ನೀರಿನತ್ತ ವಾಲುವ ತುದಿಯ ಮೇಲೆ ಋಣ ವಿದ್ಯುದಂಶವಿರುತ್ತದೆ. ಅಮೀನಿನ ತುದಿಯಾದರೋ ನೀರಿನಲ್ಲಿ ಸಾಮಾನ್ಯವಾಗಿ ಧನ ವಿದ್ಯುದಂಶ ಪಡೆಯುತ್ತದೆ. ಜೀವಕೋಶಗಳ ಹೊರಪೊರೆಯ ಮೇಲೆ ಋಣ ವಿದ್ಯುದಂಶವಿರುವುದರಿಂದ ಅಮೀನು ಅದಕ್ಕೆ ಬಿಗಿಯಾಗಿ ಅಂಟಿಕೊಂಡು ಪೊರೆಯನ್ನೇ ಕೆಡಿಸುತ್ತದೆ. ಕಣ್ಣಿನ ಮೇಲೆ, ಬಾಯಿ ಮತ್ತು ಗಂಟಲಿನ ಒಳಪದರದ ಮೇಲೆ, ಮೀನಿನ ಕಿವಿರಿನ ಮೇಲೆ ಇದು ಮಾಡುವ ಹಾನಿಯ ಮೂಲ ಇಲ್ಲೇ ಇದೆ.

ಡ್ರಮ್ಮಿನ ಲೇಬಲ್ಲನ್ನು ಒಮ್ಮೆ ಗಮನವಿಟ್ಟು ನೋಡಿ. ಕೆಂಪು ಅಂಚಿನ ಚೌಕಗಳೊಳಗೆ, ಕೈಯ ಮೇಲೂ ಲೋಹದ ಮೇಲೂ ಹನಿ ಬಿದ್ದು ತಿನ್ನುತ್ತಿರುವ ಚಿತ್ರ ಮತ್ತು ಒಣಮರದ ಪಕ್ಕದಲ್ಲಿ ಸತ್ತ ಮೀನಿನ ಚಿತ್ರ ಇರಬೇಕು. ಮೊದಲನೆಯದು ಕಣ್ಣಿಗೆ ಗಂಭೀರ ಹಾನಿಯನ್ನೂ ಎರಡನೆಯದು ನೀರಿನ ಜೀವಿಗಳಿಗೆ ವಿಷವೆಂಬುದನ್ನೂ ಸೂಚಿಸುತ್ತದೆ. ಎಥಿಲೀನ್ ಆಕ್ಸೈಡ್ ಸೇರಿಸದ ಮೂಲ ಟ್ಯಾಲೋ ಅಮೀನು ಇನ್ನೂ ಕಟುವಾದದ್ದು. ಅದು ಚರ್ಮವನ್ನೇ ಸುಡುತ್ತದೆ. ಡ್ರಮ್ಮು ನೋಡಲು ಒಂದೇ ಥರ ಇದ್ದರೂ ಹೆಸರಿನ ಕೊನೆಯಲ್ಲಿ ‘ಎಥಾಕ್ಸಿಲೇಟ್’ ಇದೆಯೋ ಇಲ್ಲವೋ ಎಂಬುದನ್ನು ಪ್ರತಿ ಸಲವೂ ಓದಿಕೊಳ್ಳಿ.

ನಿಮ್ಮ ಜೊತೆಯವರಿಗೆ ಆದದ್ದು ಈ ಗುಂಪಿನ ದ್ರವಗಳ ಅತ್ಯಂತ ಮೋಸದ ಗುಣ. ಇವು ಕ್ಷಾರ ಸ್ವಭಾವದವು. ಆಮ್ಲ ಬಿದ್ದರೆ ತಕ್ಷಣ ಉರಿದು ಮನುಷ್ಯ ನೀರಿಗೆ ಓಡುತ್ತಾನೆ. ಕ್ಷಾರವಾದರೋ ಕೆಲವೊಮ್ಮೆ ಮೊದಲಿಗೆ ಹೆಚ್ಚು ನೋವು ಕೊಡದೆ ಕಣ್ಣಿನ ಮೇಲ್ಪದರದೊಳಗೆ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ‘ಉರಿಯುತ್ತಿಲ್ಲ, ಸಾಕು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹನಿ ಸಿಡಿದ ಕ್ಷಣದಲ್ಲೇ ರೆಪ್ಪೆಗಳನ್ನು ಎರಡು ಬೆರಳಿನಿಂದ ಅಗಲಿಸಿ ಹಿಡಿದು, ಸಣ್ಣ ಧಾರೆಯ ಶುದ್ಧ ನೀರನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ, ಕಡಿಮೆಯೆಂದರೂ 15ರಿಂದ 20 ನಿಮಿಷ ಬಿಡಬೇಕು. ನಡುನಡುವೆ ಕಣ್ಣುಗುಡ್ಡೆಯನ್ನು ಸುತ್ತಲೂ ತಿರುಗಿಸಬೇಕು. ಗಡಿಯಾರ ನೋಡಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಲಿ, ಏಕೆಂದರೆ ನೋವಿನಲ್ಲಿರುವವನಿಗೆ ಎರಡು ನಿಮಿಷವೇ ಇಪ್ಪತ್ತು ನಿಮಿಷ ಅನ್ನಿಸುತ್ತದೆ. ನಿಂಬೆರಸ, ವಿನಿಗರ್, ಹಾಲು, ಜೇನು ಯಾವುದನ್ನೂ ಹಾಕಬಾರದು. ತೊಳೆದ ಮೇಲೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಕೆಲಸ ನಡೆಯುವ ಜಾಗದಿಂದ ಹತ್ತು ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರ ಕಣ್ಣು ತೊಳೆಯುವ ನಲ್ಲಿ ಇರಬೇಕೆಂಬುದು ಉದ್ಯಮದಲ್ಲಿ ಪಾಲಿಸುವ ಅಳತೆ. ಅಷ್ಟು ವ್ಯವಸ್ಥೆ ಇಲ್ಲದಿದ್ದರೆ ಮೆತುವಾದ ಪೈಪು ಜೋಡಿಸಿದ ಒಂದು ನಲ್ಲಿಯನ್ನಾದರೂ ಡ್ರಮ್ಮಿನ ಬಳಿಯಲ್ಲೇ ಹಾಕಿಸಿಕೊಳ್ಳಿ, ಅದರ ಮುಂದೆ ಚೀಲ, ಡಬ್ಬಿ ಪೇರಿಸಲು ಬಿಡಬೇಡಿ.

ಬಕೆಟಿಗೆ ಬಗ್ಗಿಸುವ ಪದ್ಧತಿಯೇ ತಪ್ಪು. ಮಂದ ದ್ರವ ಡ್ರಮ್ಮಿನ ಬಾಯಿಂದ ಗಬಕ್ಕೆಂದು ಬೀಳುವಾಗ ಗಾಳಿ ಒಳಗೆ ನುಗ್ಗಿ ಸಿಡಿತ ಹುಟ್ಟುತ್ತದೆ, ನೆಲಕ್ಕೆ ಚೆಲ್ಲಿದ ಒಂದಿಷ್ಟು ದ್ರವದ ಮೇಲೆ ಗಂಬೂಟೂ ಜಾರುತ್ತದೆ. ಕೈಯಿಂದ ತಿರುಗಿಸುವ ಡ್ರಮ್ ಪಂಪಿಗೆ ದೊಡ್ಡ ಖರ್ಚಿಲ್ಲ, ಅದನ್ನು ಕೇಳಿ ಪಡೆಯಿರಿ. ಓದಲು ಹಾಕುವ ಕನ್ನಡಕ ಸಾಲದು. ಸುತ್ತಲೂ ಮುಖಕ್ಕೆ ಅಂಟಿ ಕೂರುವ ಕೆಮಿಕಲ್ ಗಾಗಲ್ ಬೇಕು, ಸುರಿಯುವಾಗ ಅದರ ಮೇಲೆ ಮುಖದ ಪರದೆಯೂ ಇರಲಿ. ಗ್ಲೌಸು ನೈಟ್ರೈಲಿನದ್ದಾಗಿ ಮುಂಗೈ ದಾಟಿ ಬರುವಂತಿರಲಿ. ಬಟ್ಟೆಯ ಅಥವಾ ಚರ್ಮದ ಗ್ಲೌಸು ದ್ರವವನ್ನು ಹೀರಿಕೊಂಡು ದಿನವಿಡೀ ಕೈಗೆ ಒತ್ತಿ ಹಿಡಿಯುತ್ತದೆ, ಅದಕ್ಕಿಂತ ಬರಿಗೈ ತೊಳೆದುಕೊಳ್ಳುವುದೇ ಮೇಲು. ಪ್ಯಾಂಟನ್ನು ಗಂಬೂಟಿನ ಒಳಗೆ ತುರುಕದೆ ಮೇಲೆ ಬಿಡಿ. ಮೈಗೆ ಚೆಲ್ಲಿದ ಬಟ್ಟೆಯನ್ನು ಅಲ್ಲೇ ಕಳಚಬೇಕು, ಮನೆಗೆ ಒಯ್ದರೂ ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬಾರದು.

ಈ ವಿವರಗಳೆಲ್ಲ ಪ್ರತಿ ರಾಸಾಯನಿಕದ ಜೊತೆಗೂ ಬರಬೇಕಾದ 16 ಭಾಗಗಳ ಸುರಕ್ಷತಾ ಮಾಹಿತಿ ಹಾಳೆಯಲ್ಲಿರುತ್ತವೆ. ಕಾರ್ಖಾನೆಗಳಲ್ಲಿ ಇದನ್ನೇ ಎಂ.ಎಸ್.ಡಿ.ಎಸ್. ಎನ್ನುತ್ತಾರೆ. ನೀವು ಓದಬೇಕಾದದ್ದು ಮುಖ್ಯವಾಗಿ 2, 4, 6 ಮತ್ತು 8ನೆಯ ಭಾಗಗಳು: ಅಪಾಯ, ಪ್ರಥಮ ಚಿಕಿತ್ಸೆ, ಚೆಲ್ಲಿದರೆ ಏನು ಮಾಡಬೇಕು, ಮೈಮೇಲೆ ಏನು ಧರಿಸಬೇಕು. ಇಂಗ್ಲಿಷಿನಲ್ಲಿದ್ದರೆ ಆ ನಾಲ್ಕು ಭಾಗಗಳನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಲು ಮಾಲೀಕರನ್ನು ಕೇಳಿ. ಇದು ಯಾರೋ ದಯೆಯಿಂದ ಕೊಡುವ ಸೌಲಭ್ಯವಲ್ಲ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾದಾಗ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಅಪಾಯದ ಮಾಹಿತಿ ತಿಳಿಸುವುದು ಮಾಲೀಕರ ಕಾನೂನುಬದ್ಧ ಹೊಣೆಯಾಯಿತು. ಕೇಳಿದರೂ ಕೊಡದಿದ್ದರೆ ರಾಜ್ಯದ ಕಾರ್ಖಾನೆ, ಬಾಯ್ಲರು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಬರೆಯಬಹುದು.

ಪ್ರಶ್ನೆ (ಶಿವಮೊಗ್ಗದ ಗೋದಾಮಿನ ಮೇಲ್ವಿಚಾರಕರೊಬ್ಬರು): ಚಳಿಗಾಲದ ಬೆಳಗಿನಲ್ಲಿ ನಮ್ಮ ಅಮೀನಿನ ಡ್ರಮ್ಮುಗಳು ಬೆಣ್ಣೆಯಂತೆ ಗಟ್ಟಿಯಾಗುತ್ತವೆ. ಹುಡುಗರು ಕೆಳಗೆ ಕೆಂಡ ಹಾಕಿ ಕರಗಿಸುತ್ತಾರೆ. ಹಿತ್ತಾಳೆಯ ನಲ್ಲಿಗಳು ಹಸಿರುಗಟ್ಟಿ ಬೇಗ ಹಾಳಾಗುತ್ತಿವೆ. ಏನು ಮಾಡುವುದು?

ಉತ್ತರ: ಕೆಂಡವನ್ನು ಇಂದೇ ನಿಲ್ಲಿಸಿ. ಟ್ಯಾಲೋ ಅಮೀನಿನಂಥವು ಸಾಮಾನ್ಯ ಉಷ್ಣತೆಯಲ್ಲೇ ಗಟ್ಟಿಯಾಗಿದ್ದು, ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುತ್ತವೆ. ಅಷ್ಟು ಬಿಸಿಗೆ ಬೆಂಕಿಯ ಅಗತ್ಯವೇ ಇಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸಿದರೆ, ಡ್ರಮ್ಮಿಗೆ ಸುತ್ತುವ ವಿದ್ಯುತ್ ಪಟ್ಟಿ ಬಳಸಿದರೆ, ಅಥವಾ ಬೆಚ್ಚಗಿನ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟರೆ ಸಾಕು. ಕೆಳಗಿನಿಂದ ಒಂದೇ ಕಡೆ ಕಾಯಿಸಿದಾಗ ತಳದ ಭಾಗ ಕುದಿಯುವಷ್ಟು ಬಿಸಿಯಾಗಿ, ಮೇಲೆ ಗಟ್ಟಿ ಪದರ ಮುಚ್ಚಳದಂತೆ ಕುಳಿತಿರುವುದರಿಂದ ಒತ್ತಡ ಒಳಗೇ ಕಟ್ಟಿಕೊಳ್ಳುತ್ತದೆ. ಬಿರಡೆ ತೆರೆದ ಕ್ಷಣ ಬಿಸಿ ಅಮೀನು ಮುಖಕ್ಕೆ ಚಿಮ್ಮಿದರೆ ಆಗುವುದು ಬೆಂಕಿಯ ಸುಟ್ಟಗಾಯ, ಕ್ಷಾರದ ಸುಟ್ಟಗಾಯ ಎರಡೂ. ಕಾಯಿಸುವ ಮೊದಲೇ ಬಿರಡೆಯನ್ನು ಸಡಿಲಿಸಿಡಿ. ಬಿಸಿಯಾದಾಗ ಏಳುವ ಆವಿ ಮೂಗು, ಗಂಟಲನ್ನು ಕೆರಳಿಸುವುದರಿಂದ ಗಾಳಿಯಾಡುವ ಜಾಗ ಬೇಕು.

ಹಿತ್ತಾಳೆಯ ವಿಷಯ ಸರಳ. ಅಮೀನುಗಳು ತಾಮ್ರವನ್ನೂ ತಾಮ್ರ ಬೆರೆತ ಲೋಹಗಳನ್ನೂ ತಿನ್ನುತ್ತವೆ, ಹಸಿರು ಅದರ ಗುರುತು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ ಹಾಕಿಸಿ. ಅದೇ ಗೋದಾಮಿನಲ್ಲಿ ಆಮ್ಲದ ಕ್ಯಾನು, ಬ್ಲೀಚಿಂಗ್ ಪೌಡರ್, ನೈಟ್ರೈಟ್ ಲವಣಗಳಿದ್ದರೆ ಅವನ್ನು ಬೇರೆ ಗೋಡೆಯ ಆಚೆ ಇಡಿ. ಆಮ್ಲದ ಜೊತೆ ಸೇರಿದರೆ ಕಾವು ಏಳುತ್ತದೆ, ಬ್ಲೀಚಿಂಗ್ ಪೌಡರಿನ ಜೊತೆ ಕಣ್ಣು, ಶ್ವಾಸಕೋಶ ಕೆರಳಿಸುವ ಕ್ಲೋರಮೀನುಗಳು ಹುಟ್ಟುತ್ತವೆ, ಕೆಲವು ಅಮೀನುಗಳು ನೈಟ್ರೈಟಿನ ಜೊತೆ ಕ್ಯಾನ್ಸರಿಗೆ ಕಾರಣವಾಗಬಲ್ಲ ನೈಟ್ರೋಸಮೀನುಗಳನ್ನು ಕೊಡುತ್ತವೆ. ನೆಲ ಸ್ವಚ್ಛವಾಗಲೆಂದು ಚೆಲ್ಲಿದ ಅಮೀನಿನ ಮೇಲೆ ಬ್ಲೀಚಿಂಗ್ ಪೌಡರ್ ಎರಚುವ ರೂಢಿ ಹಲವೆಡೆ ಇದೆ. ಅದನ್ನು ಖಂಡಿತ ಮಾಡಬಾರದು.

ಪ್ರಶ್ನೆ (ಭದ್ರಾವತಿಯಿಂದ ಫೌಂಡ್ರಿ ಕೆಲಸಗಾರರೊಬ್ಬರು): ಮರಳಿನ ಕೋರು (ಎರಕದ ಒಳಗೆ ಟೊಳ್ಳು ಬರಲು ಇಡುವ ಮರಳಿನ ಅಚ್ಚು) ಮಾಡುವ ವಿಭಾಗದಲ್ಲಿ ‘ಅಮೀನ್ ಗ್ಯಾಸ್’ ಬಳಸುತ್ತೇವೆ. ಪಾಳಿ ಮುಗಿಯುವ ಹೊತ್ತಿಗೆ ದೀಪಗಳ ಸುತ್ತ ನೀಲಿ ಮಬ್ಬು, ಬಳೆಯಂಥ ಬೆಳಕು ಕಾಣುತ್ತದೆ. ಇದೂ ಅದೇ ಅಮೀನೇ?

ಉತ್ತರ: ಅಲ್ಲ. ನಿಮ್ಮಲ್ಲಿ ಬಳಸುವುದು ಟ್ರೈಈಥೈಲ್ ಅಮೀನಿನಂಥ, ಬೇಗ ಆವಿಯಾಗುವ, ಬೆಂಕಿ ಹತ್ತುವ ಸಣ್ಣ ಅಣುವಿನ ಅಮೀನು. ಅದು ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಸ್ವಲ್ಪ ಊದಿಸುವುದರಿಂದ ಮಬ್ಬು ಕಾಣುತ್ತದೆ. ಸಾಮಾನ್ಯವಾಗಿ ಗಾಳಿಗೆ ಬಂದ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ಆದರೆ ಅದು ಅನಿಲ ಹೊರಗೆ ಸೋರುತ್ತಿದೆ ಎಂಬುದಕ್ಕೆ ನಿಮ್ಮ ಕಣ್ಣೇ ಕೊಡುತ್ತಿರುವ ಸಾಕ್ಷಿ. ಯಂತ್ರದ ಸೀಲುಗಳನ್ನೂ ಅನಿಲವನ್ನು ಆಮ್ಲದಲ್ಲಿ ತೊಳೆಯುವ ಸ್ಕ್ರಬ್ಬರನ್ನೂ ಪರೀಕ್ಷಿಸುವಂತೆ ಲಿಖಿತವಾಗಿ ಕೇಳಿ. ಮಬ್ಬು ಇಳಿಯುವವರೆಗೆ ಬೈಕು ಓಡಿಸಬೇಡಿ, ಎದುರು ಬರುವ ಲಾರಿಯ ಬೆಳಕು ಆ ಸ್ಥಿತಿಯಲ್ಲಿ ರಸ್ತೆಯನ್ನೇ ಮರೆಮಾಡುತ್ತದೆ.

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು): ಕೂಲಿಯವರು ಸಿಗದೆ ತೋಟದ ಅಂಚಿಗೆ, ಬೇಲಿಸಾಲಿಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಸುತ್ತೇವೆ. ಅದರಲ್ಲಿ ಈ ಅಮೀನು ಇದೆಯೆಂದು ಮಗ ಹೇಳುತ್ತಾನೆ. ಲೇಬಲ್ಲಿನಲ್ಲಿ ಅಂಥ ಹೆಸರು ಕಾಣಲಿಲ್ಲ. ಡಬ್ಬಿಯ ತ್ರಿಕೋನದ ಬಣ್ಣ ನೋಡಿ ಅಪಾಯ ಎಷ್ಟೆಂದು ತಿಳಿದುಕೊಂಡರೆ ಸಾಲದೇ?

ಉತ್ತರ: ನಿಮ್ಮ ಮಗ ಹೇಳಿದ್ದು ಹಲವು ತಯಾರಿಕೆಗಳ ಮಟ್ಟಿಗೆ ಸರಿ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ 41 ಪ್ರತಿಶತದ ದ್ರವದಲ್ಲಿ 41 ಎಂಬುದು ಗ್ಲೈಫೋಸೇಟ್ ಲವಣದ ಪ್ರಮಾಣ. ಉಳಿದದ್ದೆಲ್ಲ ನೀರಲ್ಲ. ಈ ಕಳೆನಾಶಕದ ಮೂಲ ಅಮೆರಿಕನ್ ತಯಾರಿಕೆಯಲ್ಲಿ ಸುಮಾರು 15 ಪ್ರತಿಶತ ಟ್ಯಾಲೋ ಅಮೀನ್ ಎಥಾಕ್ಸಿಲೇಟ್ ಇತ್ತು. ಗ್ಲೈಫೋಸೇಟ್ ಎಲೆಯ ಮೇಣವನ್ನು ತಾನಾಗಿ ದಾಟಲಾರದು, ದಾಟಿಸುವ ಕೆಲಸ ಅಮೀನಿನದು. ಎಲ್ಲ ಕಂಪನಿಗಳೂ ಇದನ್ನೇ ಬಳಸುವುದಿಲ್ಲ. ಸಕ್ರಿಯ ಅಂಶವನ್ನು ಹೆಸರಿಸಿ, ಉಳಿದವನ್ನು ಸಹಾಯಕ ಪದಾರ್ಥಗಳೆಂದು ಒಟ್ಟಾಗಿ ಹೇಳಿಬಿಡುವ ಪದ್ಧತಿಯಿರುವುದರಿಂದ ಕೊಳ್ಳುವವರಿಗೆ ಅದು ತಿಳಿಯುವುದಿಲ್ಲ.

ಆದರೆ ವಿಷದ ಲೆಕ್ಕದಲ್ಲಿ ಈ ಸಹಾಯಕನೇ ಮುಂದಿರಬಹುದು. ಕಳೆನಾಶಕ ಕುಡಿದವರ ಸ್ಥಿತಿ ಬಿಗಡಾಯಿಸುವುದರಲ್ಲಿ ಅಮೀನು ದ್ರವದ ಪಾತ್ರವಿರಬಹುದೆಂದು ಜಪಾನಿನ ವೈದ್ಯರು 1988ರಲ್ಲೇ ಎಚ್ಚರಿಸಿದ್ದರು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಎರಡನ್ನೂ ಹೋಲಿಸಿ, ಪರೀಕ್ಷಿಸಿದ ಎಲ್ಲ ಅಂಶಗಳಲ್ಲೂ ಗ್ಲೈಫೋಸೇಟಿಗಿಂತ ಟ್ಯಾಲೋ ಅಮೀನ್ ಎಥಾಕ್ಸಿಲೇಟಿನ ವಿಷತ್ವವೇ ಹೆಚ್ಚೆಂದು ಹೇಳಿತು. ಮರುವರ್ಷ, 2016ರಲ್ಲಿ, ಗ್ಲೈಫೋಸೇಟ್ ತಯಾರಿಕೆಗಳಲ್ಲಿ ಇದನ್ನು ಸೇರಿಸುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿತು. ಗ್ಲೈಫೋಸೇಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಊರೂರಲ್ಲಿ ನಡೆಯುವ ಚರ್ಚೆಯಲ್ಲಿ ಈ ಅಮೀನಿನ ಹೆಸರು ಬರುವುದೇ ಇಲ್ಲ. ಅದು ಬರಲೇಬೇಕೆಂದು ನನ್ನ ಒತ್ತಾಯ.

ತ್ರಿಕೋನದ ಬಣ್ಣ ನಿಮಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಕೆಂಪು, ಹಳದಿ, ನೀಲಿ, ಹಸಿರು ಎಂಬ ವಿಂಗಡಣೆಯನ್ನು ಪ್ರಯೋಗದ ಪ್ರಾಣಿಗಳ ಬಾಯಿ ಮತ್ತು ಚರ್ಮದ ಮೂಲಕ ಎಷ್ಟು ಪ್ರಮಾಣ ಹೋದರೆ ಸಾವು ಬರುತ್ತದೆ ಎಂಬುದರ ಮೇಲೆ ಮಾಡಲಾಗಿದೆ. ಕಣ್ಣಿಗೆ ಏನಾಗುತ್ತದೆ, ಹಳ್ಳದ ಮೀನಿಗೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ತಮ್ಮ ಗಮನಕ್ಕೆ ತರಬೇಕು. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಅನುಮತಿ ಇರುವುದು ಚಹಾ ತೋಟಗಳಿಗೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ, ಅಡಿಕೆ ತೋಟಕ್ಕಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ, ಕೀಟ ನಿಯಂತ್ರಣದ ಪರವಾನಗಿ ಪಡೆದವರ ಮೂಲಕವಲ್ಲದೆ ಇದನ್ನು ಬಳಸಬಾರದೆಂದು ಅಧಿಸೂಚನೆಯನ್ನೂ ಹೊರಡಿಸಿತು. ಕಳೆ ಕತ್ತರಿಸುವ ಯಂತ್ರ, ಸೊಪ್ಪಿನ ಮುಚ್ಚಿಗೆ ಇವುಗಳ ಕಡೆ ತಿರುಗುವುದೇ ಸೂಕ್ತವೆಂಬುದು ನನ್ನ ಸಲಹೆ. ಮನೆಯಲ್ಲಿ ಈಗಾಗಲೇ ಇರುವ ಡಬ್ಬಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅದರ ಮೂಲ ಡಬ್ಬಿಯಲ್ಲೇ ಇಡಿ. ಪಕ್ಕದ ಮನೆಯವರು ಕೇಳಿದರೆಂದು ನೀರಿನ ಬಾಟಲಿಗೋ ಜ್ಯೂಸ್ ಬಾಟಲಿಗೋ ಅರ್ಧ ಲೀಟರ್ ಬಗ್ಗಿಸಿ ಕೊಡುವುದನ್ನು ದಯವಿಟ್ಟು ಬಿಡಿ. ಸತು ಬಳಿದ ಕಬ್ಬಿಣದ ಬಕೆಟ್ಟು, ತೊಟ್ಟಿಗಳಲ್ಲಿ ಗ್ಲೈಫೋಸೇಟ್ ದ್ರಾವಣ ಕಲಸಿಡಬಾರದು, ಅವೆರಡೂ ವರ್ತಿಸಿ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ.

ಯಾರಾದರೂ ಅರಿಯದೆಯೋ ಮನಸ್ಸಿನ ಬೇಗೆಯಲ್ಲೋ ಇದನ್ನು ಕುಡಿದರೆ, ಮನೆಮಂದಿ ಮೊದಲು ಮಾಡುವುದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಇಲ್ಲಿ ಅದು ಪ್ರಾಣಕ್ಕೇ ಅಪಾಯ. ಕೆಳಗಿಳಿಯುವಾಗ ಗಂಟಲನ್ನು ಸುಟ್ಟ ದ್ರವ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಮೇಲಾಗಿ ನೊರೆಯಾಗಿ ಉಕ್ಕಿ ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಯಿಯನ್ನು ನೀರಿನಿಂದ ತೊಳೆಸಿ, ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆಮಾಡಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಪ್ರತಿವಿಷವೆಂಬುದಿಲ್ಲ. ಉಸಿರಾಟ, ರಕ್ತದೊತ್ತಡ, ಮೂತ್ರಪಿಂಡಗಳನ್ನು ಕಾಯುವ ಚಿಕಿತ್ಸೆಯೇ ಗತಿಯಾದ್ದರಿಂದ, ಮೊದಲಿಗೆ ಚೆನ್ನಾಗಿ ಮಾತಾಡುತ್ತಿದ್ದರೂ ಮನೆಯಲ್ಲಿ ಉಳಿಸಿಕೊಳ್ಳಬಾರದು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಅಲ್ಲಿಂದ ಸಲಹೆ ಪಡೆಯಬಹುದು.

ಪ್ರಶ್ನೆ (ಕೊಪ್ಪದಿಂದ): ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಳೆಗೆ ತೊಳೆದುಹೋಗದಂತೆ ಉಳಿದಿರುವ ಅಮೀನಿನ ‘ಸ್ಟಿಕರ್’ ಬೆರೆಸಬಹುದೇ?

ಉತ್ತರ: ಬೇಡ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಒಂದು ಪ್ರತಿಶತದ ದ್ರಾವಣದ ಶಕ್ತಿ ಇರುವುದು ಅದರ ತಾಮ್ರದಲ್ಲಿ. ತಾಮ್ರದ ಜೊತೆ ಅಮೀನುಗಳು ಹೇಗೆ ವರ್ತಿಸುತ್ತವೆಂಬುದನ್ನು ಮೇಲೆ ಹಿತ್ತಾಳೆಯ ನಲ್ಲಿಯ ವಿಷಯದಲ್ಲಿ ನೋಡಿದ್ದೀರಿ. ಅಂಟಿಗಾಗಿ ರಾಳ ಮತ್ತು ಸೋಡಾ ಕಾಯಿಸಿ ಬೆರೆಸುವ ಹಳೆಯ ಕ್ರಮವೇ ಸಾಕು. ಇದಕ್ಕಿಂತ ಮುಖ್ಯವಾದ ಮಾತು ಕಣ್ಣಿನದು. ಅಡಿಕೆಗೆ ಔಷಧಿ ಹೊಡೆಯುವವರು ದೋಟಿ ಹಿಡಿದು ತಲೆ ಮೇಲೆತ್ತಿ ಗೊನೆಯನ್ನೇ ನೋಡುತ್ತಿರುತ್ತಾರೆ. ಗೊನೆಯಿಂದ ಜಾರಿದ ಹನಿ ನೇರ ಬೀಳುವುದು ಅವರ ತೆರೆದ ಕಣ್ಣಿಗೆ. ಸುಣ್ಣವೇ ಕಣ್ಣಿಗೆ ಸಾಕಷ್ಟು ಕೆಟ್ಟದ್ದು, ಅದಕ್ಕೆ ಅಮೀನನ್ನೂ ಸೇರಿಸುವುದು ಆ ಕೆಲಸದವರಿಗೆ ಮಾಡುವ ಅನ್ಯಾಯ. ಅವರಿಗೆ ಗಾಗಲ್ ಕೊಡಿಸುವುದು ತೋಟದ ಯಜಮಾನರ ಹೊಣೆ.

ಪ್ರಶ್ನೆ (ಹೊಸನಗರದ ಗೃಹಿಣಿಯೊಬ್ಬರು): ಗುಜರಿ ಅಂಗಡಿಯಿಂದ ತಂದ ನೀಲಿ ಡ್ರಮ್ಮನ್ನು ಎಷ್ಟು ತೊಳೆದರೂ ನೊರೆ ನಿಲ್ಲುತ್ತಿಲ್ಲ. ಕುಡಿಯುವ ನೀರು ತುಂಬಿಡಬಹುದೇ? ದನಗಳಿಗಾದರೂ ಆದೀತೇ?

ಉತ್ತರ: ಎರಡಕ್ಕೂ ಆಗದು, ಅಮ್ಮ. ನೊರೆ ನಿಲ್ಲದಿರುವುದೇ ಉತ್ತರ. ಈ ದ್ರವ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಂಡು ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತಿರುತ್ತದೆ. ಬಿಸಿನೀರು, ಹುಣಸೆಹಣ್ಣು, ಬೂದಿ ಯಾವುದೂ ಅದನ್ನು ಪೂರ್ತಿ ತೆಗೆಯುವುದಿಲ್ಲ. ಜೀವಾಮೃತಕ್ಕೂ ಬಳಸಬೇಡಿ, ಅದರಲ್ಲಿ ಬೆಳೆಸಬೇಕಾದ ಸೂಕ್ಷ್ಮಜೀವಿಗಳನ್ನೇ ಇದು ಕೊಲ್ಲುತ್ತದೆ. ತೊಳೆದ ನೀರನ್ನು ಬಾವಿಕಟ್ಟೆಯ ಬಳಿ ಚೆಲ್ಲಿದ್ದರೆ ಇನ್ನು ಮುಂದೆ ಬೇಡ. ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ ‘ವಿಷ’ ಎಂದು ಬರೆದು ಅಂಗಡಿಗೆ ಹಿಂದಿರುಗಿಸಿ. ಕೊಡುವ ಮೊದಲು ನಡುವೆ ತೂತು ಕೊರೆಸಿದರೆ ಇನ್ನೊಬ್ಬರ ಮನೆಯ ಹಂಡೆಯ ಪಕ್ಕಕ್ಕೆ ಅದು ಹೋಗುವುದಿಲ್ಲ. ಕಬ್ಬಿಣದ ಡ್ರಮ್ಮಾಗಿದ್ದರೆ ಗ್ಯಾಸ್ ಕಟ್ಟರಿನಿಂದ ಕತ್ತರಿಸಲು ಬಿಡಬಾರದು. ಖಾಲಿಯೆಂದುಕೊಂಡ ಡ್ರಮ್ಮಿನೊಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು.

ಪ್ರಶ್ನೆ (ಶೃಂಗೇರಿ ಕಡೆಯ ಓದುಗರೊಬ್ಬರು): ನಮ್ಮೂರ ಹಳ್ಳದಲ್ಲಿ ಔಷಧಿಯ ಪಂಪು ತೊಳೆದ ಮರುದಿನ ಸಣ್ಣ ಮೀನುಗಳು ತೇಲಿದ್ದವು. ಅಷ್ಟು ಸ್ವಲ್ಪಕ್ಕೆ ಸಾಯುತ್ತವೆಯೇ? ಇಂಥ ದ್ರವ ಸಾಗಿಸುವ ವಾಹನ ಘಾಟಿಯಲ್ಲಿ ಮಗುಚಿದರೆ ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಹಳ್ಳದಲ್ಲಿ ಸತ್ತದ್ದು ಇದರಿಂದಲೇ ಎಂದು ನೀರನ್ನು ಪರೀಕ್ಷಿಸದೆ ಹೇಳಲಾಗದು, ಆದರೆ ಸಾಯಲು ಸ್ವಲ್ಪವೇ ಸಾಕೆಂಬುದು ನಿಜ. ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಟ್ರೌಟ್ ಮೀನುಗಳ ಅರ್ಧದಷ್ಟನ್ನು ಕೊಲ್ಲಲು ಶುದ್ಧ ಗ್ಲೈಫೋಸೇಟ್ ಲೀಟರಿಗೆ ಸುಮಾರು 140 ಮಿಲಿಗ್ರಾಂ ಬೇಕಾದರೆ, ಟ್ಯಾಲೋ ಅಮೀನ್ ಎಥಾಕ್ಸಿಲೇಟ್ ಸುಮಾರು 2 ಮಿಲಿಗ್ರಾಂ ಸಾಕಾಯಿತು. ಆ ಲೆಕ್ಕವನ್ನೇ ಹಿಡಿದರೆ, ಒಂದು ಕಿಲೋ ಅಮೀನು ಐದು ಲಕ್ಷ ಲೀಟರ್ ನೀರನ್ನು, ಎಂದರೆ 25 ಮೀಟರ್ ಉದ್ದ, 20 ಮೀಟರ್ ಅಗಲ, ಒಂದು ಮೀಟರ್ ಆಳದ ಕೆರೆಯೊಂದನ್ನು ಆ ಮಟ್ಟಕ್ಕೆ ತರುತ್ತದೆ. ಮೀನು ಉಸಿರಾಡುವ ಕಿವಿರಿನ ತೆಳುಪೊರೆಗೆ ಅಮೀನು ಅಂಟಿ ಅದನ್ನು ಕೆಡಿಸುತ್ತದೆ, ನೀರಿನಲ್ಲಿ ಆಮ್ಲಜನಕ ಇದ್ದೂ ಮೀನಿಗೆ ದಕ್ಕುವುದಿಲ್ಲ. ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆಗಳ ಕಥೆಯೂ ಅದೇ. ಈ ಅಮೀನು ಬೆರೆತ ಕಳೆನಾಶಕದಿಂದ ಗೊದಮೊಟ್ಟೆಗಳು ಭಾರೀ ಸಂಖ್ಯೆಯಲ್ಲಿ ಸಾಯುವುದನ್ನು 2005ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳು ತೋರಿಸಿದವು. ಬೇರೆಲ್ಲೂ ಇಲ್ಲದ ಹಲವು ಕಪ್ಪೆ ಜಾತಿಗಳು ಪಶ್ಚಿಮ ಘಟ್ಟದ ಸಣ್ಣ ತೊರೆಗಳಲ್ಲಿ ಮೊಟ್ಟೆಯಿಡುತ್ತವೆ. ಶೃಂಗೇರಿ ಮಠದ ಮುಂದಿನ ಮೀನುಗಳನ್ನೂ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮವನ್ನೂ ನಾವೆಲ್ಲ ಸೇರಿ ಭಕ್ತಿಯಿಂದ ಕಾಯ್ದುಕೊಂಡಿದ್ದೇವೆ, ಆ ಮೀನುಗಳಿಗೆ ನೀರು ಬರುವುದು ಇಂಥ ಹಳ್ಳಗಳಿಂದಲೇ.

ಧನ ವಿದ್ಯುದಂಶದ ಅಮೀನು ಜೇಡಿಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದು ಸಮಾಧಾನದ ಸಂಗತಿ. ಪಂಪು ತೊಳೆದ ನೀರನ್ನು ಹಳ್ಳದಿಂದ, ಬಾವಿಯಿಂದ, ಬಸಿಗಾಲುವೆಯಿಂದ ದೂರದ ಒಣನೆಲದಲ್ಲಿ ಚೆಲ್ಲಿದರೆ ಬಹುಪಾಲು ಅಲ್ಲೇ ಹಿಡಿದುಕೊಂಡು, ಮಣ್ಣಿನ ಸೂಕ್ಷ್ಮಜೀವಿಗಳಿಂದ ಕ್ರಮೇಣ ಒಡೆಯುತ್ತದೆ. ಆದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಮಣ್ಣೇ ಕೊಚ್ಚಿಕೊಂಡು ಹೋಗುವುದರಿಂದ, ಮಳೆಗಾಲದಲ್ಲಿ ಆ ಭರವಸೆಯನ್ನು ಇಟ್ಟುಕೊಳ್ಳುವಂತಿಲ್ಲ. ಮಳೆ ಬರುವಂತಿರುವ ದಿನ ಔಷಧಿ ಹೊಡೆಯದಿರುವುದೇ ದಾರಿ.

ಘಾಟಿಯಲ್ಲಿ ವಾಹನ ಮಗುಚಿದಾಗ ಊರಿನವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪೆಂದರೆ ರಸ್ತೆ ಜಾರುತ್ತದೆಂದು ಪೈಪಿನಿಂದ ನೀರು ಬಿಡುವುದು. ನೀರು ಬಿದ್ದ ಕೂಡಲೇ ನೊರೆಯೆದ್ದು, ಒಂದು ಜಾಗದಲ್ಲಿದ್ದ ವಿಷ ಚರಂಡಿಯ ಮೂಲಕ ಹಳ್ಳ ಸೇರುತ್ತದೆ. ಮೊದಲು ಗಾಯಗೊಂಡವರನ್ನು ದೂರ ಕರೆತನ್ನಿ. ಮೈಗೆ ದ್ರವ ತಾಗಿದ್ದರೆ ಆ ಬಟ್ಟೆ ತೆಗೆಸಿ, ರಸ್ತೆಯಿಂದ ದೂರದಲ್ಲಿ ಧಾರಾಳ ನೀರು ಹಾಕಿ ತೊಳೆಯಿರಿ. ವಾಹನದ ಮೇಲೆ ಕಿತ್ತಳೆ ಬಣ್ಣದ ಫಲಕವಿದ್ದರೆ ಅದರಲ್ಲಿರುವ ನಾಲ್ಕು ಅಂಕಿಯ ಸಂಖ್ಯೆಯನ್ನು ದೂರದಿಂದಲೇ ಓದಿ 112ಕ್ಕೆ ತಿಳಿಸಿ. 2735 ಅಥವಾ 3259 ಎಂದಿದ್ದರೆ ಅದು ಚರ್ಮವನ್ನು ಸುಡುವ ಅಮೀನು, 3082 ಎಂದಿದ್ದರೆ ಪರಿಸರಕ್ಕೆ ಅಪಾಯಕಾರಿಯಾದ ದ್ರವ. ನಂತರ ದ್ರವ ಹರಿಯುವ ಕೆಳಬದಿಗೆ ಒಣ ಮಣ್ಣಿನದೋ ಮರಳಿನದೋ ಒಡ್ಡು ಕಟ್ಟಿ, ಚರಂಡಿಯ ಬಾಯಿ ಮುಚ್ಚಿ. ಈ ಕೆಲಸ ಗಂಬೂಟು, ಗ್ಲೌಸು ಹಾಕಿಕೊಂಡವರೇ ಮಾಡಬೇಕು, ಉಳಿದವರು ಜನರನ್ನು ತಡೆಯಲಿ. ಮಣ್ಣು, ಮರದ ಹೊಟ್ಟು ಹೀರಿಕೊಂಡದ್ದನ್ನು ಸಲಿಕೆಯಿಂದ ಎತ್ತಿ ಮುಚ್ಚಳವಿರುವ ಡ್ರಮ್ಮಿಗೆ ತುಂಬಿಟ್ಟು, ಅದನ್ನು ಹೂಳದೆ, ಸುಡದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಅಥವಾ ಚಿಕ್ಕಮಗಳೂರಿನ ಕಚೇರಿಯವರು ಬರುವವರೆಗೆ ಕಾಯಿರಿ. ದ್ರವ ಈಗಾಗಲೇ ಹಳ್ಳಕ್ಕೆ ಇಳಿದಿದ್ದರೆ ಕೆಳಗಿನ ಊರಿನ ಗ್ರಾಮ ಪಂಚಾಯಿತಿಗೆ ಆ ಕ್ಷಣವೇ ಫೋನ್ ಮಾಡಿ, ಕುಡಿಯುವ ನೀರಿನ ಪಂಪನ್ನು ನಿಲ್ಲಿಸಲು ಮತ್ತು ದನಗಳನ್ನು ನೀರಿಗೆ ಬಿಡದಿರಲು ಹೇಳಿ.